ಕಟ್ಟಡದ ಸೈಟಿನಲ್ಲಿ ಕಾರ್ಮಿಕರಿಗೆ ಸೋಲಾರ್ ಸೌಕರ್ಯ: ದಾವಣಗೆರೆ, ಚಿತ್ರದುರ್ಗದ ಗುತ್ತಿಗೆದಾರರಿಗೆ ಒಂದು ಮಾರ್ಗದರ್ಶಿ

ಸೋಲಾರ್ ಪ್ಯಾನೆಲ್ ಮಾರುವವರನ್ನು ಕರೆಸುವ ಮೊದಲು ಗುತ್ತಿಗೆದಾರರಾಗಲಿ, ಸೈಟ್ ಎಂಜಿನಿಯರಾಗಲಿ ಒಂದು ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ಸೈಟಿನಲ್ಲೇ ಉಳಿಯಬೇಕು. ಕೆಲಸ ನಿಂತ ಮೇಲೆ ಅಲ್ಲಿ ಏನು ನಡೆಯುತ್ತದೆ ಎಂಬುದನ್ನು ಹಗಲು ಮಾತ್ರ ಬಂದು ಹೋಗುವ ನಮ್ಮಲ್ಲಿ ಬಹಳ ಜನ ಕಂಡೇ ಇರುವುದಿಲ್ಲ. ದಾವಣಗೆರೆಯ ಹೊರವಲಯದಲ್ಲಿ ಒಂದು ಹಾಸ್ಟೆಲ್ ಕಟ್ಟಡದ ಕೆಲಸ ನೋಡಿಕೊಳ್ಳುತ್ತಿದ್ದಾಗ ಹಾಗೆ ಉಳಿದ ಮೊದಲ ಸಂಜೆ ನನಗೆ ಕಂಡದ್ದು ಎರಡು ಸಂಗತಿ. ಸಿಮೆಂಟ್ ದಾಸ್ತಾನಿನ ಕೋಣೆಯ ಬಾಗಿಲ ಪಕ್ಕ ಇದ್ದ ಒಂದೇ ಸ್ವಿಚ್ ಬೋರ್ಡಿಗೆ ಎಕ್ಸ್‌ಟೆನ್ಷನ್ ಮೇಲೆ ಎಕ್ಸ್‌ಟೆನ್ಷನ್ ಸಿಕ್ಕಿಸಿ ಹನ್ನೊಂದು ಮೊಬೈಲುಗಳನ್ನು ಚಾರ್ಜಿಗೆ ಇಟ್ಟಿದ್ದರು. ಮೊದಲನೆಯ ಪ್ಲಗ್ಗು ಬೆರಳಿಟ್ಟರೆ ಚುರುಗುಟ್ಟುವಷ್ಟು ಕಾದಿತ್ತು. ಇನ್ನೊಂದು, ಹೆಣ್ಣಾಳುಗಳು ಮಧ್ಯಾಹ್ನ ನಾಲ್ಕರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಕಾರಣ ಕೇಳಿದಾಗ ರಾಯಚೂರು ಕಡೆಯ ಒಬ್ಬಾಕೆ ಶೌಚಾಲಯದತ್ತ ಕೈ ತೋರಿಸಿ, "ಕತ್ತಲಾದ ಮ್ಯಾಲ ಅತ್ತಾಗ ಹೋಗಾಕ ಆಗಂಗಿಲ್ಲರೀ, ಅದಕ್ಕ ನೀರು ಕುಡಿಯಂಗಿಲ್ಲ" ಎಂದರು. ಶೌಚಾಲಯ ಇತ್ತು, ಅದರಲ್ಲಿ ನೀರೂ ಇತ್ತು, ದೀಪ ಇರಲಿಲ್ಲ. ಅಲ್ಲಿಂದೀಚೆಗೆ ಯಾವ ಸೈಟಾದರೂ ನನ್ನ ಲೆಕ್ಕ ಶುರುವಾಗುವುದು ಆ ದೀಪದಿಂದ.

ಆದ್ದರಿಂದ ಮೊದಲ ಹೆಜ್ಜೆ ಒಂದು ನೋಟ್‌ಬುಕ್ಕು. ಸೈಟಿನಲ್ಲಿ ಹಗಲು ಎಷ್ಟು ಜನ ಇರುತ್ತಾರೆ, ಅವರಲ್ಲಿ ಎಷ್ಟು ಜನ ಅಲ್ಲೇ ಮಲಗುತ್ತಾರೆ, ಹೆಂಗಸರೆಷ್ಟು, ಆರು ವರ್ಷದೊಳಗಿನ ಮಕ್ಕಳೆಷ್ಟು, ಯಾವ ಭಾಷೆಯವರು ಎಷ್ಟು ಎಂಬುದನ್ನು ಅದರಲ್ಲಿ ಬರೆದುಕೊಳ್ಳಬೇಕು. ಮೋಲ್ಡ್ ಹಾಕುವ ದಿನ ಹೊರಗಿನಿಂದ ಬರುವ ಕಾಂಕ್ರೀಟ್ ತಂಡವನ್ನು ಈ ಲೆಕ್ಕಕ್ಕೆ ಸೇರಿಸಬೇಕಾಗಿಲ್ಲ; ಆದರೆ ಅಂದು ಕುಡಿಯುವ ನೀರು ಎರಡರಷ್ಟು ಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

ಕಾಯ್ದೆ ಕೇಳುವುದು ಏನು

ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ 1996ರ ಕಾಯ್ದೆ ಕುಡಿಯುವ ನೀರು, ಶೌಚಾಲಯ, ತಾತ್ಕಾಲಿಕ ವಸತಿ, ಶಿಶುವಿಹಾರ, ಪ್ರಥಮ ಚಿಕಿತ್ಸೆ, ಕ್ಯಾಂಟೀನು ಇವಿಷ್ಟನ್ನೂ ಮಾಲೀಕನ ಹೊಣೆ ಎಂದೇ ಹೇಳಿತ್ತು. ಕುಡಿಯುವ ನೀರಿನ ಜಾಗ ಬಚ್ಚಲು, ಮೂತ್ರಾಲಯ, ಶೌಚಾಲಯಗಳಿಂದ ಆರು ಮೀಟರಿನೊಳಗೆ ಇರಬಾರದು, ಅದರ ಮೇಲೆ ಕೆಲಸಗಾರರಲ್ಲಿ ಹೆಚ್ಚು ಜನಕ್ಕೆ ಅರ್ಥವಾಗುವ ಭಾಷೆಯಲ್ಲಿ 'ಕುಡಿಯುವ ನೀರು' ಎಂದು ಬರೆದಿರಬೇಕು ಎಂಬಷ್ಟು ಸೂಕ್ಷ್ಮವಾಗಿ ಅದು ಹೇಳಿತ್ತು. ಆ ಕಾಯ್ದೆ ಈಗ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ 2020ರ ಸಂಹಿತೆಯಲ್ಲಿ ಸೇರಿಹೋಗಿದ್ದು, ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಕ್ಯಾಂಟೀನಿಗೆ 250 ಜನ ಎಂದಿದ್ದ ಮಿತಿ ಸಂಹಿತೆಯಲ್ಲಿ 100ಕ್ಕೆ ಇಳಿದಿದೆ. ಶಿಶುವಿಹಾರಕ್ಕೆ ಮೊದಲು 50ಕ್ಕಿಂತ ಹೆಚ್ಚು ಹೆಣ್ಣು ಕಾರ್ಮಿಕರು ಬೇಕಿದ್ದರೆ ಈಗ 50ಕ್ಕಿಂತ ಹೆಚ್ಚು ಕಾರ್ಮಿಕರಿದ್ದರೆ ಸಾಕು.

ನಮ್ಮ ಎರಡೂ ಜಿಲ್ಲೆಗಳಲ್ಲಿ ನಡೆಯುವ ಬಹುಪಾಲು ಕೆಲಸ ಇಪ್ಪತ್ತು, ಮೂವತ್ತು ಜನರದ್ದು. ಆ ಸಂಖ್ಯೆ ಹಿಡಿದು "ನಮಗೆ ಶಿಶುವಿಹಾರ ಅನ್ವಯಿಸುವುದಿಲ್ಲ" ಎನ್ನುವವರು ಇದ್ದಾರೆ. ಸೆಂಟ್ರಿಂಗ್ ಕಂಬಗಳ ನಡುವೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿರುವುದನ್ನು ನೋಡಿದ ಮೇಲೂ ಹಾಗೆನ್ನುವುದು ನನಗೆ ಸರಿಕಾಣುವುದಿಲ್ಲ. ಇನ್ನು ಕೆಲವರು, ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ರ ಸೆಸ್ ಕಟ್ಟಿದ್ದೇವಲ್ಲ, ಮತ್ತೇಕೆ ಖರ್ಚು ಎಂದು ಕೇಳುತ್ತಾರೆ. ಆ ಸೆಸ್ ಹೋಗುವುದು ಕಲ್ಯಾಣ ಮಂಡಳಿಗೆ, ನೋಂದಾಯಿತ ಕಾರ್ಮಿಕರ ಪಿಂಚಣಿ, ವೈದ್ಯಕೀಯ ನೆರವು ಮುಂತಾದವುಗಳಿಗಾಗಿ. ಸೈಟಿನ ಫ್ಯಾನಿಗೂ ದೀಪಕ್ಕೂ ಅದಕ್ಕೂ ಸಂಬಂಧವಿಲ್ಲ. ಹಾಗೆಯೇ 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಸಬ್ಸಿಡಿ ಇರುವುದು ವಾಸದ ಮನೆಗಳ ಚಾವಣಿಗೆ. ತಾತ್ಕಾಲಿಕ ಶೆಡ್ಡಿಗೂ ಅದನ್ನು ಕೊಡಿಸುತ್ತೇನೆ ಎನ್ನುವ ಏಜೆಂಟರು ಬಂದರೆ ಅವರನ್ನು ಅಲ್ಲಿಂದಲೇ ಕಳಿಸಿಬಿಡಬಹುದು.

ಕರೆಂಟೇ ಬೇಡದ ಕೆಲಸಗಳು ಮೊದಲು

ಸೋಲಾರಿಗೆ ಹಾಕುವ ಹಣದಲ್ಲಿ ಅರ್ಧ ಉಳಿಯುವುದು ಈ ಹಂತದಲ್ಲಿ. ಮಾರ್ಚ್‌ನಿಂದ ಮೇವರೆಗೆ ಇಲ್ಲಿನ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುತ್ತದೆ. ಬರಿಯ ತಗಡಿನ ಶೆಡ್ಡು ಆಗ ಒಲೆಯಂತಾಗುತ್ತದೆ, ಅದರೊಳಗೆ ಎಷ್ಟು ಫ್ಯಾನು ತಿರುಗಿಸಿದರೂ ಬಿಸಿಗಾಳಿಯನ್ನೇ ಸುತ್ತಾಡಿಸಿದಂತೆ. ತಗಡಿನ ಮೇಲೆ ಎರಡು ಬಾರಿ ದಪ್ಪಗೆ ಸುಣ್ಣ ಬಳಿದು, ಅದರ ಮೇಲೆ ಒಂದು ಅಡಿ ಎತ್ತರದಲ್ಲಿ ಸರವೆ ಕೋಲು ಕಟ್ಟಿ ತೆಂಗಿನ ಗರಿಯನ್ನೋ ಹಸಿರು ಶೇಡ್ ನೆಟ್ಟನ್ನೋ ಹೊದಿಸಿದರೆ ಒಳಗಿನ ಸೆಕೆಯಲ್ಲಿ ಆಗುವ ವ್ಯತ್ಯಾಸವನ್ನು ಮಲಗುವವರೇ ಹೇಳುತ್ತಾರೆ. ತಗಡಿಗೂ ಗರಿಗೂ ನಡುವೆ ಗಾಳಿ ಆಡಲು ಸಂದು ಬಿಡುವುದು ಮುಖ್ಯ. ಗರಿಯನ್ನು ತಗಡಿಗೇ ಒತ್ತಿ ಹಾಸಿದರೆ ಅರ್ಧ ಗುಣ ಹೋಯಿತು. ಅಡುಗೆಯ ಒಲೆಯನ್ನು ಆ ಶೆಡ್ಡಿನಿಂದ ದೂರ ಇಡಬೇಕು, ಒಣಗಿದ ಗರಿಗೆ ಕಿಡಿ ಸಾಕು. ಊಟದ ಚಪ್ಪರವನ್ನು ಪೂರ್ವ ಪಶ್ಚಿಮವಾಗಿ ಉದ್ದ ಇರುವಂತೆ ಕಟ್ಟಿ, ಪಶ್ಚಿಮದ ತುದಿಯನ್ನು ಮಾತ್ರ ಪೂರ್ತಿ ಮುಚ್ಚಬೇಕು, ಏಕೆಂದರೆ ಮೂರರ ಮೇಲಿನ ಬಿಸಿಲು ನುಗ್ಗುವುದು ಆ ಕಡೆಯಿಂದ.

ಕುಡಿಯುವ ನೀರಿಗೆ ವಾಟರ್ ಕೂಲರ್ ಬೇಡ ಎಂಬುದು ನನ್ನ ಅಭಿಪ್ರಾಯ. ನಲ್ಲಿ ಕೂರಿಸಿದ ನಾಲ್ಕು ಮಣ್ಣಿನ ಹರವಿಗಳನ್ನು ಮರಳಿನ ದಿಣ್ಣೆಯ ಮೇಲೆ, ಗಾಳಿ ಬೀಸುವ ನೆರಳಿನಲ್ಲಿ ಇಟ್ಟು, ಮರಳನ್ನು ಬೆಳಿಗ್ಗೆ ಸಂಜೆ ನೆನೆಸಿದರೆ ಮೂವತ್ತು ಜನಕ್ಕೆ ತಂಪು ನೀರು ಸಿಗುತ್ತದೆ. ಕೂಲರಿಗೆ ಹೋಗುವ ಕರೆಂಟು ರಾತ್ರಿಯ ಫ್ಯಾನಿಗೆ ಉಳಿಯುತ್ತದೆ. ಬಿಸಿಲಿನಲ್ಲಿ ದುಡಿಯುವವರು ಹದಿನೈದು, ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ಕುಡಿಯಬೇಕು. ತಲೆಗೆ 6 ಲೀಟರ್ ಎಂದು ಹಿಡಿದರೂ ಮೂವತ್ತು ಜನಕ್ಕೆ ದಿನಕ್ಕೆ 180 ಲೀಟರ್, ಅಂದರೆ 20 ಲೀಟರಿನ ಒಂಬತ್ತು ಕ್ಯಾನುಗಳಾದವು.

ನೀರಿನ ಮೂಲದ ಬಗ್ಗೆ ಚಿತ್ರದುರ್ಗ ಜಿಲ್ಲೆಯವರು ಹೆಚ್ಚು ಎಚ್ಚರವಾಗಿರಬೇಕು. ಅಲ್ಲಿನ ಹಲವು ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಸೈಟಿನಲ್ಲೇ ಆರ್‌ಓ ಯಂತ್ರ ಇಟ್ಟು ಸೋಲಾರಿನಲ್ಲಿ ಓಡಿಸುವ ಯೋಚನೆ ಹಲವರಿಗೆ ಬರುತ್ತದೆ, ನನಗೂ ಬಂದಿತ್ತು. ಗಡಸು ನೀರಿಗೆ ಅದರ ಪೊರೆ ಬೇಗ ಕಟ್ಟಿಕೊಳ್ಳುತ್ತದೆ, ಒಳಗೆ ಹೋದ ನೀರಿನ ದೊಡ್ಡ ಪಾಲು ಹೊರಗೆ ಹರಿದುಹೋಗುತ್ತದೆ, ಸಿಮೆಂಟ್ ದೂಳಿನ ನಡುವೆ ಅದನ್ನು ನೋಡಿಕೊಳ್ಳುವವರೂ ಇರುವುದಿಲ್ಲ. ಹತ್ತಿರದ ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದಿಂದ ದಿನಾ ಕ್ಯಾನುಗಳನ್ನು ತರಿಸುವುದು ಅಗ್ಗ ಮತ್ತು ನಂಬಿಗೆಯ ದಾರಿ.

ಲೋಡಿನ ಲೆಕ್ಕ

ಈಗ ನೋಟ್‌ಬುಕ್ಕಿಗೆ ಮರಳೋಣ. ಮೂವತ್ತು ಜನ ಕೆಲಸಗಾರರು, ಅವರಲ್ಲಿ ಇಪ್ಪತ್ತು ಜನ ಆರು ಕೋಣೆಗಳಲ್ಲಿ ಅಲ್ಲೇ ವಾಸ, ಐದಾರು ಮಕ್ಕಳು ಎಂದು ಹಿಡಿಯೋಣ. ಫ್ಯಾನುಗಳು ಎಲ್ಲವೂ ಕಡಿಮೆ ಕರೆಂಟಿನಲ್ಲಿ ತಿರುಗುವ ಬಿಎಲ್‌ಡಿಸಿ ಮಾದರಿಯವೇ ಆಗಿರಬೇಕು. ಹಳೆಯ ಮಾದರಿಯ ಫ್ಯಾನು 75 ವ್ಯಾಟ್ ತಿನ್ನುವಲ್ಲಿ ಇದು 30 ವ್ಯಾಟಿನಷ್ಟರಲ್ಲಿ ಅದೇ ಗಾಳಿ ಕೊಡುತ್ತದೆ. ಫ್ಯಾನಿನಲ್ಲಿ ಉಳಿಸಿದ ದುಡ್ಡು ಪ್ಯಾನೆಲ್ಲಿನಲ್ಲಿ, ಬ್ಯಾಟರಿಯಲ್ಲಿ ಎರಡು ಪಟ್ಟಾಗಿ ಹೋಗುತ್ತದೆ.

ಮಲಗುವ ಆರು ಕೋಣೆಗೆ ಒಂದೊಂದು ಫ್ಯಾನು ರಾತ್ರಿ ಒಂಬತ್ತು ಗಂಟೆ ಕಾಲ ತಿರುಗಿದರೆ 1,620 ವ್ಯಾಟ್ ಅವರ್. ಅದೇ ಕೋಣೆಗಳ 7 ವ್ಯಾಟಿನ ದೀಪಗಳು ನಾಲ್ಕು ಗಂಟೆಗೆ 168. ಶೌಚಾಲಯ ಮತ್ತು ಬಚ್ಚಲಿನ ನಾಲ್ಕು ಪುಟ್ಟ ದೀಪಗಳು, ತಲಾ 5 ವ್ಯಾಟ್, ಸಂಜೆ ಏಳರಿಂದ ಬೆಳಿಗ್ಗೆ ಆರರವರೆಗೆ ಉರಿದರೆ 220. ಕೋಣೆಗಳಿಂದ ಅಲ್ಲಿಗೆ ಹೋಗುವ ದಾರಿಯ ಮೂರು 10 ವ್ಯಾಟಿನ ದೀಪಗಳಿಗೆ 330. ಊಟದ ಚಪ್ಪರದ ನಾಲ್ಕು ಫ್ಯಾನು ಮೂರು ಗಂಟೆ ಎಂದರೆ 360. ಮಕ್ಕಳ ಕೋಣೆಯ ಎರಡು ಫ್ಯಾನು ಹಗಲು ಏಳು ಗಂಟೆ ಎಂದರೆ 420. ಇಪ್ಪತ್ತು ಮೊಬೈಲಿಗೆ 300. ಒಟ್ಟು 3,418; 1,000 ವ್ಯಾಟ್ ಅವರ್ ಒಂದು ಯೂನಿಟ್ ಆದ್ದರಿಂದ ದಿನಕ್ಕೆ ಸುಮಾರು ಮೂರೂವರೆ ಯೂನಿಟ್.

ಈ ಲೆಕ್ಕದಲ್ಲಿ ಕಣ್ಣಿಗೆ ಬೀಳಬೇಕಾದ್ದು ಎಂದರೆ ಹತ್ತರಲ್ಲಿ ಏಳು ಪಾಲು ಫ್ಯಾನಿಗೇ ಹೋಗುತ್ತದೆ, ಎಲ್ಲ ದೀಪಗಳೂ ಸೇರಿ ಮುಕ್ಕಾಲು ಯೂನಿಟ್ಟೂ ಆಗುವುದಿಲ್ಲ. ಹಣ ತೀರ ಕಡಿಮೆ ಇದ್ದರೆ ಫ್ಯಾನು ಬಿಟ್ಟು ದೀಪ ಮತ್ತು ಮೊಬೈಲಿಗೆ ಮಾತ್ರ ಒಂದು ಪ್ಯಾನೆಲ್ ಹಾಕಿ ಶುರು ಮಾಡಬಹುದು. ಮೊಬೈಲ್ ಏಕೆ ಅಷ್ಟು ಮುಖ್ಯ ಎಂದು ಕೇಳುವವರಿಗೆ ಹೇಳುವುದಾದರೆ, ಬಿಹಾರದಿಂದಲೋ ಒಡಿಶಾದಿಂದಲೋ ಬಂದವನ ಸಂಬಳ, ಮನೆಗೆ ಕಳಿಸುವ ಹಣ, ಹೆಂಡತಿ ಮಕ್ಕಳ ಮಾತು ಎಲ್ಲವೂ ಅದರಲ್ಲೇ ಇದೆ.

ನೀರಿನ ಪಂಪನ್ನು ನಾನು ಬೇಕೆಂದೇ ಸೇರಿಸಿಲ್ಲ. ಅರ್ಧ ಎಚ್‌ಪಿ ಪಂಪು ಕೂಡ ಶುರುವಾಗುವ ಕ್ಷಣಕ್ಕೆ ತನ್ನ ಓಟದ ಹಲವು ಪಟ್ಟು ಕರೆಂಟು ಎಳೆಯುವುದರಿಂದ ಅದಕ್ಕಾಗಿಯೇ ದೊಡ್ಡ ಇನ್ವರ್ಟರ್ ಕೊಳ್ಳಬೇಕಾಗುತ್ತದೆ. ಕೆಲಸಕ್ಕೆಂದು ಬೆಸ್ಕಾಂನಿಂದ ಪಡೆದ ತಾತ್ಕಾಲಿಕ ಸಂಪರ್ಕ ಹೇಗೂ ಇರುತ್ತದೆ. ಕಾಂಕ್ರೀಟ್ ನೆನೆಸುವ ಕ್ಯೂರಿಂಗ್ ನೀರು ಎತ್ತುವಾಗಲೇ ಬಚ್ಚಲಿನ ಟ್ಯಾಂಕನ್ನೂ ತುಂಬಿಸಿಕೊಂಡರೆ ಆಯಿತು.

ಪ್ಯಾನೆಲ್ ಎಷ್ಟು, ಬ್ಯಾಟರಿ ಎಷ್ಟು

ಬ್ಯಾಟರಿ, ಇನ್ವರ್ಟರ್, ತಂತಿಗಳಲ್ಲಿ ಸೋರಿಹೋಗುವುದನ್ನು ಸೇರಿಸಿದರೆ ಮೂರೂವರೆ ಯೂನಿಟ್ಟಿಗೆ ನಾಲ್ಕೂವರೆ ಯೂನಿಟ್ ಹುಟ್ಟಬೇಕು. ನಮ್ಮ ಕಡೆ 1 ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ, ಆಷಾಢದ ಮೋಡದಲ್ಲಿ ಅದಕ್ಕಿಂತ ಬಹಳ ಕಡಿಮೆ. 540 ವ್ಯಾಟಿನ ಮೂರು ಪ್ಯಾನೆಲ್, ಅಂದರೆ 1.62 ಕಿಲೋವ್ಯಾಟ್, ಈ ಸೈಟಿಗೆ ಸಾಕು. ಮೋಡದ ತಿಂಗಳುಗಳ ಭಯಕ್ಕೆ ಇನ್ನೂ ಎರಡು ಪ್ಯಾನೆಲ್ ಹಾಕಿ ಎಂದು ಮಾರುವವರು ಹೇಳಿಯೇ ಹೇಳುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ದಾವಣಗೆರೆಯಲ್ಲಾಗಲಿ ದುರ್ಗದಲ್ಲಾಗಲಿ ರಾತ್ರಿ ಫ್ಯಾನು ಹಾಕಿಕೊಂಡು ಮಲಗುವವರು ಕಡಿಮೆ, ಕೌದಿ ಹೊದೆಯುವವರೇ ಹೆಚ್ಚು; ಬಿಸಿಲು ಕಡಿಮೆಯಾದ ತಿಂಗಳಲ್ಲೇ ಲೋಡೂ ಕಡಿಮೆಯಾಗುತ್ತದೆ. ಸತತ ಮೋಡ ಬಂದರೆ ಬ್ಯಾಟರಿಯನ್ನು ತಾತ್ಕಾಲಿಕ ಸಂಪರ್ಕದಿಂದಲೇ ತುಂಬಿಸಿಕೊಳ್ಳುವಂತೆ ಇನ್ವರ್ಟರಿನಲ್ಲಿ ಮೊದಲು ಸೋಲಾರ್, ಆಮೇಲೆ ಬ್ಯಾಟರಿ, ಕೊನೆಗೆ ಲೈನು ಎಂಬ ಕ್ರಮವನ್ನು ಹಾಕಿಸಬೇಕು.

ರಾತ್ರಿಯ ಬಳಕೆ ಎರಡೂವರೆ ಯೂನಿಟ್, ಇನ್ವರ್ಟರಿನ ನಷ್ಟ ಸೇರಿ ಮೂರು. ಸೀಸದ ಟ್ಯೂಬುಲರ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯುಷ್ಯ ಕಡಿಮೆಯಾಗುವುದರಿಂದ 12 ವೋಲ್ಟ್, 150 ಆಂಪಿಯರ್ ಅವರಿನ ನಾಲ್ಕು ಬೇಕು. ಅವುಗಳಲ್ಲಿ ಒಟ್ಟು 7.2 ಯೂನಿಟ್ ಇದ್ದರೂ ನಮ್ಮ ಕೈಗೆ ಸಿಗುವುದು 3.6. ಲಿಥಿಯಂ ಫಾಸ್ಫೇಟ್ ಮಾದರಿಯಾದರೆ 51.2 ವೋಲ್ಟಿನ, 100 ಆಂಪಿಯರ್ ಅವರಿನ ಒಂದೇ ಪೆಟ್ಟಿಗೆ, 5.1 ಯೂನಿಟ್, ಅದರಲ್ಲಿ ನಾಲ್ಕನ್ನು ನಿಶ್ಚಿಂತೆಯಿಂದ ಬಳಸಬಹುದು. ಕೊಳ್ಳುವಾಗ ಲಿಥಿಯಂ ದುಬಾರಿ. ಆದರೆ ಸೈಟಿನ ಬ್ಯಾಟರಿ ವರ್ಷಕ್ಕೊಮ್ಮೆ ಲಾರಿ ಹತ್ತುವ ಬ್ಯಾಟರಿ. ಐವತ್ತು ಕಿಲೋ ದಾಟುವ, ಆಸಿಡ್ ತುಂಬಿದ ನಾಲ್ಕು ಡಬ್ಬಿಗಳನ್ನು ಇಳಿಸಿ ಏರಿಸಿದವರಿಗೆ, ಡಿಸ್ಟಿಲ್ಡ್ ವಾಟರ್ ಹಾಕುವುದನ್ನು ಮರೆತು ಒಣಗಿಸಿದವರಿಗೆ ನಾನು ಯಾವುದನ್ನು ಆರಿಸುತ್ತೇನೆಂದು ಹೇಳಬೇಕಾಗಿಲ್ಲ.

ಜನರ ಲೈನು ಬೇರೆ, ಕೆಲಸದ ಲೈನು ಬೇರೆ

ಇಡೀ ಲೇಖನದಲ್ಲಿ ಒಂದೇ ಸಲಹೆ ನೆನಪಿಡುವುದಾದರೆ ಇದನ್ನು ನೆನಪಿಡಬೇಕೆಂದು ನನ್ನ ವಿನಂತಿ. ಮೊದಲೇ ಹೇಳಿದ ಹಾಸ್ಟೆಲ್ ಸೈಟಿನಲ್ಲಿ ಸೋಲಾರ್ ಹಾಕಿದ ಮೂರನೆಯ ವಾರ ಟೈಲ್ಸ್ ಕೆಲಸದವರು ಬಂದರು. ಅಂದು ಬೆಳಿಗ್ಗೆ ಲೈನಿನಲ್ಲಿ ಕರೆಂಟು ಇರಲಿಲ್ಲ, ಮಕ್ಕಳ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು; ಅವರು ಅಲ್ಲಿನ ಸಾಕೆಟ್ಟಿಗೇ ಕಟಿಂಗ್ ಮಷೀನಿನ ವೈರು ಸಿಕ್ಕಿಸಿಕೊಂಡರು. ಇನ್ವರ್ಟರ್ ಎರಡು ಸಲ ಚೀರಿ ನಿಂತಿತು, ಯಾರೋ ಮತ್ತೆ ಮತ್ತೆ ಆನ್ ಮಾಡಿದರು, ಮಧ್ಯಾಹ್ನದೊಳಗೆ ಅದರ ಒಳಗಿನ ಬೋರ್ಡು ಸುಟ್ಟಿತು. ರಿಪೇರಿಯಾಗಿ ಬರಲು ಒಂಬತ್ತು ದಿನ ಹಿಡಿದವು. ಆ ಒಂಬತ್ತು ರಾತ್ರಿ ಶೌಚಾಲಯ ಮತ್ತೆ ಕತ್ತಲಲ್ಲಿತ್ತು, ಹೆಂಗಸರು ನಾಲ್ಕು ಗಂಟೆಗೆ ಮತ್ತೆ ಲೋಟ ಕೆಳಗಿಟ್ಟರು. ಟೈಲ್ಸಿನವರನ್ನು ಬೈದು ಪ್ರಯೋಜನವಿಲ್ಲ. ಮೂರು ಕಣ್ಣಿನ ಸಾಕೆಟ್ಟನ್ನು ಕೈಗೆ ಎಟುಕುವಂತೆ ಇಟ್ಟವನು ನಾನು.

ಹಾಗಾಗದಂತೆ ನೋಡಿಕೊಳ್ಳಲು ನಾನು ಈಗ ಅನುಸರಿಸುವ ಕ್ರಮ ಹೀಗಿದೆ. ಕೋಣೆಗಳಲ್ಲಾಗಲಿ ಚಪ್ಪರದಲ್ಲಾಗಲಿ ಮೂರು ಪಿನ್ನಿನ ಸಾಕೆಟ್ಟನ್ನೇ ಕೊಡುವುದಿಲ್ಲ. ಮೊಬೈಲಿಗೆ ಗೋಡೆಯಲ್ಲಿ ಕೂರಿಸುವ ಯುಎಸ್‌ಬಿ ಪಾಯಿಂಟುಗಳು ಸಿಗುತ್ತವೆ, ಅವನ್ನೇ ಪ್ರತಿ ಹಾಸಿಗೆಯ ತಲೆಯ ಬಳಿ ಒಂದರಂತೆ ಹಾಕಿಸುತ್ತೇನೆ. ಇದರಿಂದ ಮೊಬೈಲ್ ಕಳ್ಳತನದ ಜಗಳವೂ ಕಡಿಮೆಯಾಯಿತು. ಫ್ಯಾನಿಗೆ, ದೀಪಕ್ಕೆ ನೇರ ವೈರಿಂಗ್. ಪ್ರತಿ ಸಾಲಿಗೆ, ಲೋಡು ಮೀರಿದರೆ ತಾನೇ ಬೀಳುವ 2 ಆಂಪಿಯರಿನ ಎಂಸಿಬಿ ಸ್ವಿಚ್ಚು ಹಾಕಿದರೆ 460 ವ್ಯಾಟಿಗೆ ಮೇಲೆ ಅದು ತಡೆದುಕೊಳ್ಳುವುದಿಲ್ಲ; 1,200 ವ್ಯಾಟಿನ ಕಟಿಂಗ್ ಮಷೀನನ್ನೋ ನೀರು ಕಾಯಿಸುವ ಕಾಯಿಲನ್ನೋ ಯಾರಾದರೂ ತಂತಿ ಸುಲಿದು ಸೇರಿಸಿದರೂ ಇನ್ವರ್ಟರ್ ಬದುಕುತ್ತದೆ. ಎಲ್ಲ ಫ್ಯಾನು, ದೀಪ, ಮೊಬೈಲುಗಳೂ ಒಮ್ಮೆಗೇ ನಡೆದರೂ 750 ವ್ಯಾಟ್ ದಾಟದ್ದರಿಂದ ಒಂದೂವರೆ ಕೆವಿಎ ಇನ್ವರ್ಟರ್ ಧಾರಾಳವಾಯಿತು. ಸಾಲುಗಳ ಮುಂದೆ, ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಒದ್ದೆ ಕೈ, ಒದ್ದೆ ನೆಲ, ತಗಡಿನ ಗೋಡೆ ಮೂರೂ ಇರುವ ಜಾಗದಲ್ಲಿ ಅದನ್ನು ಬಿಟ್ಟು ಹಣ ಉಳಿಸಬಾರದು.

ಕೆಲವರು ಇನ್ವರ್ಟರೇ ಬೇಡ, ಬ್ಯಾಟರಿಯಿಂದ ನೇರವಾಗಿ ನಡೆಯುವ 12 ವೋಲ್ಟಿನ ಡಿಸಿ ಫ್ಯಾನು, ದೀಪಗಳನ್ನೇ ಹಾಕೋಣ ಎನ್ನುತ್ತಾರೆ. ಒಂದೇ ಶೆಡ್ಡಿದ್ದರೆ ಒಳ್ಳೆಯ ಉಪಾಯವೇ, ಆ ಲೈನಿಗೆ ಯಾವ ಮಷೀನನ್ನೂ ಸಿಕ್ಕಿಸಲು ಬರುವುದಿಲ್ಲ. ಆದರೆ ಎರಡು ಫ್ಯಾನಿನಷ್ಟು ಲೋಡನ್ನು 2.5 ಚದರ ಮಿಲಿಮೀಟರ್ ವೈರಿನಲ್ಲಿ 30 ಮೀಟರ್ ಒಯ್ದರೆ 12ರಲ್ಲಿ 2 ವೋಲ್ಟಿಗೂ ಹೆಚ್ಚು ವೈರಿನಲ್ಲೇ ಕರಗುತ್ತದೆ, ತುದಿಯ ಫ್ಯಾನು ಸೋತುಹೋಗುತ್ತದೆ.

ಪ್ಯಾನೆಲ್ ನಿಲ್ಲಿಸುವ ಜಾಗ

ಮನೆಯ ತಾರಸಿಗೂ ಸೈಟಿಗೂ ಇರುವ ದೊಡ್ಡ ವ್ಯತ್ಯಾಸವೆಂದರೆ ಸೈಟಿನಲ್ಲಿ ಪಕ್ಕದ ಕಟ್ಟಡ ಬೆಳೆಯುತ್ತಲೇ ಇರುತ್ತದೆ. ಪಾಯ ತೆಗೆಯುವಾಗ ಬಿಸಿಲು ಬೀಳುತ್ತಿದ್ದ ಜಾಗ ಎರಡನೆಯ ಮಹಡಿಯ ಹೊತ್ತಿಗೆ ನೆರಳಾಗಿರುತ್ತದೆ. ನಾವಿರುವುದು ಉತ್ತರ ಅಕ್ಷಾಂಶ 14 ಡಿಗ್ರಿಯ ಆಚೀಚೆ. ಡಿಸೆಂಬರಿನ ನಡುಹಗಲಿನಲ್ಲಿ 12 ಮೀಟರ್ ಎತ್ತರದ ಕಟ್ಟಡದ ನೆರಳು ಉತ್ತರಕ್ಕೆ 9 ಮೀಟರಿಗೂ ಹೆಚ್ಚು ಚಾಚುತ್ತದೆ, ಬೆಳಿಗ್ಗೆ ಸಂಜೆ ಇನ್ನೂ ಉದ್ದ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನಾದರೂ ಆಗ ಅದೇ ಕಟ್ಟಡದ ನಡುಹಗಲಿನ ನೆರಳು ದಕ್ಷಿಣಕ್ಕೆ 2 ಮೀಟರನ್ನೂ ಮುಟ್ಟುವುದಿಲ್ಲ. ಆದ್ದರಿಂದ ಪ್ಯಾನೆಲ್ಲುಗಳನ್ನು ಕಟ್ಟಡದ ದಕ್ಷಿಣಕ್ಕೆ, ನಾಲ್ಕೈದು ಮೀಟರ್ ಬಿಟ್ಟು, ದಕ್ಷಿಣಕ್ಕೆ ಮುಖಮಾಡಿ 15 ಡಿಗ್ರಿಯಷ್ಟು ವಾಲಿಸಿ ನಿಲ್ಲಿಸಬೇಕು. ಸರಣಿಯಲ್ಲಿ ಜೋಡಿಸಿದ ಪ್ಯಾನೆಲ್ಲುಗಳಲ್ಲಿ ಒಂದರ ಮೇಲೆ ಸಾರುವೆಯ ಬೊಂಬಿನ ನೆರಳು ಅಡ್ಡಬಿದ್ದರೂ ಉತ್ಪಾದನೆ ಬಿದ್ದುಹೋಗುತ್ತದೆ ಎಂಬುದನ್ನು ಸಾರುವೆ ಕಟ್ಟುವವರಿಗೂ ಹೇಳಿರಬೇಕು.

ಮಲಗುವ ಶೆಡ್ಡು ದಕ್ಷಿಣದಲ್ಲೇ ಇದ್ದರೆ ಪ್ಯಾನೆಲ್ಲುಗಳನ್ನು ಅದರ ಮೇಲೇ ಅರ್ಧ ಅಡಿ ಎತ್ತರದಲ್ಲಿ ಕೂರಿಸಬಹುದು, ತಗಡಿಗೆ ನೆರಳೂ ಆಯಿತು. ಒಂದೊಂದು ಪ್ಯಾನೆಲ್ 28 ಕಿಲೋದಷ್ಟು ತೂಗುತ್ತದೆ, ಶೆಡ್ಡಿನ ಕಂಬಗಳು ಅದನ್ನು ಹೊರಬೇಕು, ಗಾಳಿಯನ್ನೂ ತಡೆಯಬೇಕು. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದ ಗಾಳಿಗೆ ಸಡಿಲ ಪ್ಯಾನೆಲ್ ತಗಡಿನ ಸಮೇತ ಹಾರುತ್ತದೆ. ನೆಲದ ಮೇಲೆ ನಿಲ್ಲಿಸುವುದಾದರೆ ಕಾಲುಗಳಿಗೆ ತೂಕ ಬೇಕು. ಮೋಲ್ಡ್ ಹಾಕಿದ ದಿನ ಮಿಕ್ಸರಿನಲ್ಲಿ ಉಳಿಯುವ ಕಾಂಕ್ರೀಟನ್ನು ಖಾಲಿ ಪೇಂಟ್ ಡಬ್ಬಿಗಳಿಗೆ ತುಂಬಿ, ನಡುವೆ ಒಂದು ಬೋಲ್ಟು ನಿಲ್ಲಿಸಿ ಗಟ್ಟಿಯಾಗಲು ಬಿಟ್ಟರೆ ಪುಕ್ಕಟೆಯಾಗಿ ತೂಕದ ಕಲ್ಲುಗಳು ಸಿಗುತ್ತವೆ; ಒಂದು ಕಾಲಿಗೆ ಎರಡರಂತೆ ಬಿಗಿಯುತ್ತೇನೆ. ಚೌಕಟ್ಟಿಗೆ ವೆಲ್ಡಿಂಗ್ ಬೇಡ, ನಟ್ಟು ಬೋಲ್ಟು ಸಾಕು, ಅದರಲ್ಲೂ ಹೊರಗಿನ ನಾಲ್ಕಕ್ಕೆ ಸಾಮಾನ್ಯ ಸ್ಪ್ಯಾನರಿಗೆ ಸಿಗದ ಕಳ್ಳತನ ತಡೆಯುವ ನಟ್ಟುಗಳನ್ನು ಹಾಕಬೇಕು.

ಮೂರು ಪ್ಯಾನೆಲ್ಲುಗಳ ಸರಣಿಯಲ್ಲಿ ತಂಪು ಮುಂಜಾನೆ 150 ವೋಲ್ಟ್ ಡಿಸಿ ಇರುತ್ತದೆ, ಬಿಸಿಲಿರುವ ತನಕ ಅದನ್ನು ಆರಿಸಲು ಬರುವುದಿಲ್ಲ. ಪ್ಯಾನೆಲ್ಲಿನ ಲೈನನ್ನು ಕಡಿಯುವ ಸ್ವಿಚ್ಚನ್ನು, ಅಂದರೆ ಡಿಸಿ ಐಸೊಲೇಟರನ್ನು, ಎಲ್ಲರಿಗೂ ಕಾಣುವ ಎತ್ತರದಲ್ಲಿ ಹಾಕಿಸಿ, ಪ್ಯಾನೆಲ್ಲಿನ ವೈರುಗಳನ್ನು ಪೈಪಿನೊಳಗೆ ತರಬೇಕು. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯಲ್ಲಿ ಸಿಡಿಲು ಹೆಚ್ಚಾದ್ದರಿಂದ ಅದರ ಹೊಡೆತವನ್ನು ನೆಲಕ್ಕೆ ಇಳಿಸುವ ಸರ್ಜ್ ಅರೆಸ್ಟರ್ ಬೇಕು, ಚೌಕಟ್ಟಿಗೂ ಶೆಡ್ಡಿನ ತಗಡಿಗೂ ಅರ್ಥಿಂಗ್ ಬೇಕು. ಚಿತ್ರದುರ್ಗದ ಕಲ್ಲು ನೆಲದಲ್ಲಿ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿ ನಿರುಪಯುಕ್ತವಾಗುತ್ತದೆ. ಬಚ್ಚಲಿನ ನೀರು ಹರಿಯುವ ಬದಿಯಲ್ಲಿ ಅದನ್ನು ತೋಡಿದರೆ ತೇವ ಉಳಿಯುತ್ತದೆ.

ಬ್ಯಾಟರಿ ಮತ್ತು ಇನ್ವರ್ಟರಿಗೆ ಬೀಗವಿರುವ, ಗಾಳಿಯಾಡುವ ಪ್ರತ್ಯೇಕ ಗೂಡು ಇರಬೇಕು. ಚಾರ್ಜ್ ಆಗುವಾಗ ಸೀಸದ ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಬೆಂಕಿ ಹಿಡಿಯುವ ಅನಿಲ. ಅದನ್ನು ಮಕ್ಕಳ ಕೋಣೆಯ ಮೂಲೆಯಲ್ಲಿ, ಮಂಚದ ಕೆಳಗೆ ಇಟ್ಟಿರುವುದನ್ನು ನಾನು ಕಂಡಿದ್ದೇನೆ.

ಬಿಸಿನೀರು

ಸಿಮೆಂಟಿನಲ್ಲಿ ದುಡಿದವರಿಗೆ ಸಂಜೆಯ ಸ್ನಾನ ಚರ್ಮದ ರಕ್ಷಣೆಯೂ ಹೌದು. ಕೆಲಸ ಒಂದು ವರ್ಷಕ್ಕೂ ಮೀರಿ ನಡೆಯುವಂತಿದ್ದರೆ ಮಾತ್ರ 200 ಲೀಟರಿನ ಸೋಲಾರ್ ವಾಟರ್ ಹೀಟರ್ ಯೋಚಿಸಬಹುದು. ಇಪ್ಪತ್ತು ಜನಕ್ಕೆ ತಲಾ 10 ಲೀಟರ್ ಬಿಸಿನೀರು, ಅದಕ್ಕೆ ತಣ್ಣೀರು ಬೆರೆಸಿದರೆ ಸ್ನಾನಕ್ಕೆ ಸಾಕು. ಗಡಸು ನೀರು ತಾಮ್ರದ ಕೊಳವೆಗಳಲ್ಲಿ ಬಿಳಿ ಸುಣ್ಣದ ಪದರ ಕಟ್ಟಿಸುವುದರಿಂದ ಆಗಾಗ ಸ್ವಚ್ಛಗೊಳಿಸಬೇಕಾಗುತ್ತದೆ. ಆರು ತಿಂಗಳ ಕೆಲಸಕ್ಕೆ ಶೆಡ್ಡಿನ ಮೇಲೆ ಒಂದು ಕಪ್ಪು ಟ್ಯಾಂಕು ಇಟ್ಟರೆ ಸಂಜೆಯ ನೀರು ಬೆಚ್ಚಗಿರುತ್ತದೆ, ಮಾಗಿಯ ಚಳಿಗೆ ಹಂಡೆ ಒಲೆ ಇದ್ದೇ ಇದೆ.

ನೋಡಿಕೊಳ್ಳುವವರು ಯಾರು

ಸೈಟಿನ ಸೋಲಾರ್ ಕೆಡುವುದು ಬಹುಮಟ್ಟಿಗೆ ದೂಳಿನಿಂದ. ಸಿಮೆಂಟಿನ ನವಿರು ಪುಡಿ ಹಗಲು ಪ್ಯಾನೆಲ್ಲಿನ ಮೇಲೆ ಕೂರುತ್ತದೆ, ರಾತ್ರಿಯ ಇಬ್ಬನಿ ಅದನ್ನು ಕಲಸುತ್ತದೆ, ಮರುದಿನದ ಬಿಸಿಲು ಒಣಗಿಸುತ್ತದೆ. ನಾಲ್ಕು ದಿನ ಬಿಟ್ಟರೆ ಕೆಳಗಿನ ಅಂಚಿನಲ್ಲಿ ಬೆರಳಗಲದ ಬೂದುಬಣ್ಣದ ಪಟ್ಟಿ ಗಾರೆಯಂತೆಯೇ ಹಿಡಿದಿರುತ್ತದೆ. ಅದನ್ನು ಕರಣೆಯಿಂದ ಕೆರೆದವರನ್ನೂ ನೋಡಿದ್ದೇನೆ, ಗಾಜಿನ ಮೇಲಿನ ಗೀರು ಹಾಗೇ ಉಳಿಯಿತು. ದಿನ ಬಿಟ್ಟು ದಿನ, ಸೂರ್ಯ ಏರುವ ಮೊದಲು, ಇಬ್ಬನಿಯ ತೇವ ಇರುವಾಗಲೇ ಮೆತ್ತನೆಯ ಬಟ್ಟೆಯಲ್ಲಿ ನೀರು ಹಾಕಿ ಮೇಲಿನಿಂದ ಕೆಳಕ್ಕೆ ಒರೆಸಬೇಕು. ಒಣಗಿದ ಬಟ್ಟೆಯಲ್ಲಿ ಉಜ್ಜಬಾರದು, ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಎರಚಬಾರದು. ಬೋರಿನ ಗಡಸು ನೀರನ್ನು ಹಾಗೆಯೇ ಒಣಗಲು ಬಿಟ್ಟರೆ ಬಿಳಿ ಕಲೆ ಉಳಿಯುತ್ತದೆ, ಒರೆಸಿಯೇ ಮುಗಿಸಬೇಕು. ಮುಂಗಾರಿನ ಗಾಳಿ ಪಶ್ಚಿಮದಿಂದ ಬರುವುದರಿಂದ ಕಟಿಂಗ್ ಮತ್ತು ಮಿಕ್ಸಿಂಗ್ ಜಾಗವನ್ನು ಪ್ಯಾನೆಲ್ಲಿನ ಪೂರ್ವಕ್ಕೆ ಇಟ್ಟರೆ ಆ ತಿಂಗಳುಗಳ ದೂಳು ಬೇರೆ ಕಡೆ ಹೋಗುತ್ತದೆ.

ಈ ಕೆಲಸವನ್ನು "ಯಾರಾದರೂ ಮಾಡಿ" ಎಂದು ಬಿಟ್ಟರೆ ಯಾರೂ ಮಾಡುವುದಿಲ್ಲ. ಅಲ್ಲೇ ವಾಸಿಸುವವರಲ್ಲಿ ಒಬ್ಬರನ್ನು ಗೊತ್ತುಮಾಡಿ, ತಿಂಗಳಿಗೆ ಎರಡು ದಿನದ ಹಾಜರಿ ಹೆಚ್ಚುವರಿಯಾಗಿ ಬರೆದುಕೊಡುವುದು ನಾನು ಕಂಡ ಸರಿಯಾದ ದಾರಿ. ಗೂಡಿನ ಬೀಗದ ಕೈ ಒಂದು ಅವರ ಬಳಿ, ಇನ್ನೊಂದು ಮೇಸ್ತ್ರಿಯ ಬಳಿ ಇರಬೇಕು. ಗುತ್ತಿಗೆದಾರನ ಜೇಬಿನಲ್ಲಿ ಇದ್ದರೆ ರಾತ್ರಿ ಎಂಸಿಬಿ ಬಿದ್ದಾಗ ಉಪಯೋಗವಿಲ್ಲ. ಹೆಂಗಸೊಬ್ಬರಿಗೆ ಈ ಜವಾಬ್ದಾರಿ ಕೊಟ್ಟ ಸೈಟುಗಳಲ್ಲಿ ಶೌಚಾಲಯದ ದೀಪ ಕೆಟ್ಟ ಸುದ್ದಿ ನನಗೆ ಅದೇ ರಾತ್ರಿ ತಲುಪಿದೆ. ಗೂಡಿನ ಬಾಗಿಲ ಒಳಬದಿಯಲ್ಲಿ, ಯಾವ ಸ್ವಿಚ್ಚು ಯಾವ ಸಾಲಿನದು ಎಂಬುದನ್ನು ಕನ್ನಡದಲ್ಲೂ ಹಿಂದಿಯಲ್ಲೂ, ಓದು ಬಾರದವರಿಗೆ ಫ್ಯಾನು, ದೀಪದ ಚಿತ್ರ ಬರೆದೂ ಅಂಟಿಸಬೇಕು.

ಬಿಚ್ಚುವ ದಿನ

ಕೆಲಸ ಮುಗಿದ ಮೇಲೆ ಇವೆಲ್ಲ ಮುಂದಿನ ಸೈಟಿಗೆ ಹೋಗಬೇಕು, ಖರ್ಚು ಗಿಟ್ಟುವುದು ಎರಡನೆಯ, ಮೂರನೆಯ ಸೈಟಿನಲ್ಲಿ. ಸಂಜೆ ಬಿಸಿಲು ಇಳಿದ ಮೇಲೆ ಮೊದಲು ಇನ್ವರ್ಟರ್, ಆಮೇಲೆ ಡಿಸಿ ಐಸೊಲೇಟರ್, ಆಮೇಲೆ ಬ್ಯಾಟರಿಯ ಕೊಂಡಿ, ಈ ಕ್ರಮದಲ್ಲಿ ಬಿಚ್ಚಬೇಕು. ಪ್ಯಾನೆಲ್ಲುಗಳನ್ನು ಲಾರಿಯಲ್ಲಿ ಒಂದರ ಮೇಲೊಂದು ಮಲಗಿಸದೆ ನಡುವೆ ಹುಲ್ಲು ಅಥವಾ ಥರ್ಮೋಕೋಲ್ ಇಟ್ಟು ಅಂಚಿನ ಮೇಲೆ ನಿಲ್ಲಿಸಿ ಕಟ್ಟಬೇಕು. ಚೌಕಟ್ಟಿನ ತುಂಡುಗಳಿಗೆ, ವೈರುಗಳ ಎರಡೂ ತುದಿಗೆ ಬಣ್ಣದಲ್ಲಿ ನಂಬರು ಬರೆದಿದ್ದರೆ ಮುಂದಿನ ಜೋಡಣೆ ಅರ್ಧ ದಿನದ ಕೆಲಸ.

ಕಟ್ಟಡ ಮುಗಿದರೂ ಬಣ್ಣದವರು, ಕಸ ತೆಗೆಯುವವರು, ಕಾವಲಿನ ಕುಟುಂಬ ಇನ್ನೂ ಕೆಲವು ವಾರ ಅಲ್ಲೇ ಇರುತ್ತಾರೆ. ಮುಖ್ಯ ವ್ಯವಸ್ಥೆಯನ್ನು ಲಾರಿಗೆ ಏರಿಸಿದ ದಿನವೇ ಶೌಚಾಲಯಕ್ಕೆ, ಅದರ ದಾರಿಗೆ ಪ್ಯಾನೆಲ್ ಬ್ಯಾಟರಿ ಎರಡೂ ಒಳಗೇ ಇರುವ ಎರಡು ಚಿಕ್ಕ ಸೋಲಾರ್ ದೀಪಗಳನ್ನು ಕಟ್ಟಿ ಬರಬೇಕು. ಕೊನೆಯ ಕುಟುಂಬ ಗಂಟುಮೂಟೆ ಕಟ್ಟಿದ ಮೇಲೆ ಅವನ್ನು ಇಳಿಸಿಕೊಳ್ಳಬಹುದು.